ಪಂಪ್ ಬದಲಾದರೂ ನೆಟ್ಟಗಾಗದ ಲಿಫ್ಟ್: ಹೊಸ ಮಿನಿ ಟ್ರ್ಯಾಕ್ಟರಿನ ಒಂದು ಪ್ರಕರಣ

ಟ್ರ್ಯಾಕ್ಟರ್ ಸರ್ವಿಸ್ ಕೇಂದ್ರದ ಜಾಬ್ ಕಾರ್ಡಿನಲ್ಲಿ ದೂರು ಎರಡೇ ಪದಗಳಲ್ಲಿತ್ತು: "ಲಿಫ್ಟ್ ಸರಿಯಿಲ್ಲ." ಲಿಫ್ಟ್ ಎಂದರೆ ಹಿಂದೆ ಜೋಡಿಸಿದ ಉಪಕರಣವನ್ನು ಎಣ್ಣೆಯ ಒತ್ತಡದಿಂದ ಎತ್ತಿಳಿಸುವ ಹೈಡ್ರಾಲಿಕ್ ವ್ಯವಸ್ಥೆ. ಆ ಎರಡು ಪದಗಳನ್ನು ನಂಬಿ ಅಲ್ಲಿನವರು ಎಣ್ಣೆ ತಳ್ಳುವ ಹಳೆಯ ಪಂಪ್ ಬಿಚ್ಚಿದರು, ಹೊಸದು ಕೂರಿಸಿದರು, ಎಣ್ಣೆ ತುಂಬಿದರು. ಟ್ರ್ಯಾಕ್ಟರ್ ತೋಟಕ್ಕೆ ಮರಳಿ ಅರ್ಧ ದಿನ ಕಳೆಯುವಷ್ಟರಲ್ಲಿ ಲಿಫ್ಟ್ ಮತ್ತೆ ಮೊದಲಿನಂತೆಯೇ ಕುಣಿಯತೊಡಗಿತು.

ಟ್ರ್ಯಾಕ್ಟರ್ ನನ್ನ ಕಾಕಾ ಅವರದು. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಅವರ ದ್ರಾಕ್ಷಿ ತೋಟ. ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರ್ ತೂರುವುದಿಲ್ಲವೆಂದು 24 ಅಶ್ವಶಕ್ತಿಯ, ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಮಿನಿ ಟ್ರ್ಯಾಕ್ಟರ್ ಕೊಂಡಿದ್ದರು. ಲಿಫ್ಟಿನ ಸಾಮರ್ಥ್ಯ, ಪುಸ್ತಕದ ಪ್ರಕಾರ, 750 ಕಿಲೋ. ಹಿಂದೆ ತೂಗುಹಾಕುವುದು ಎರಡೇ ಉಪಕರಣ: ಮಣ್ಣು ಹುಡಿ ಮಾಡುವ ರೋಟಾವೇಟರ್ ಮತ್ತು ಔಷಧ ಸಿಂಪಡಿಸುವ 400 ಲೀಟರಿನ ಬ್ಲೋವರ್. ಮಣ್ಣು ಅಗೆಯುವ ಯಂತ್ರಗಳ ಹೈಡ್ರಾಲಿಕ್ ದುರಸ್ತಿ ನನ್ನ ಹೊಟ್ಟೆಪಾಡು. ಟ್ರ್ಯಾಕ್ಟರಿನ ಹೈಡ್ರಾಲಿಕ್ ಅದರ ಮುಂದೆ ಸರಳವೇ, ಆದರೆ ಎಣ್ಣೆ ಹರಿಯುವ ನಿಯಮ ಎರಡಕ್ಕೂ ಒಂದೇ.

ಸಮಯ ಮಾತ್ರ ಕೆಟ್ಟದ್ದಾಗಿತ್ತು. ಈ ಭಾಗದಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಕಡ್ಡಿ ಸವರುವಿಕೆ: ಏಪ್ರಿಲ್‌ನಲ್ಲಿ ಕಡ್ಡಿ ಬೆಳೆಸಲು, ಅಕ್ಟೋಬರ್‌ನಲ್ಲಿ ಫಲಕ್ಕೆ. ಅಕ್ಟೋಬರ್ ಚಾಟ್ನಿಯ ನಂತರ ಎಳೆ ಚಿಗುರು ಹೊರಡುವ ಹೊತ್ತಿಗೆ ಹಿಂಗಾರು ಮಳೆ ಹಿಡಿದರೆ ಡೌನಿ ಎಂಬ ಬೂಜು ರೋಗ ಬೆನ್ನಿಗೇ ಬರುತ್ತದೆ. ಆಗ ಔಷಧ ಹೊಡೆಯುವುದನ್ನು ನಾಳೆಗೆಂದು ಮುಂದೂಡಿದವರು ಗೊನೆಯನ್ನೇ ಕಳೆದುಕೊಂಡ ಉದಾಹರಣೆ ಪ್ರತಿ ಊರಲ್ಲೂ ಇದೆ. ಕಾಕಾ ನನಗೆ ಫೋನ್ ಮಾಡಿದ್ದು ಅಂಥ ದಿನಗಳಲ್ಲಿ. ಪಕ್ಕದ ತೋಟದವರ ಬ್ಲೋವರ್ ಬಾಡಿಗೆಗೆ ಸಿಕ್ಕಿದ್ದರಿಂದ ಬೆಳೆ ಉಳಿಯಿತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ದೂರನ್ನು ಬಿಡಿಸಿದಾಗ

ಬ್ಲೋವರ್ ಮೇಲೆತ್ತಿ ಸಾಲಿನೊಳಗೆ ಹೋದ ಇಪ್ಪತ್ತು ನಿಮಿಷದ ತನಕ ಎಲ್ಲವೂ ಸರಿ. ಆಮೇಲೆ ಲಿಫ್ಟ್ ತಲೆ ತೂಗಲು ಶುರು: ಸ್ವಲ್ಪ ಇಳಿಯುವುದು, ತಾನೇ ಏಳುವುದು, ಮತ್ತೆ ಇಳಿಯುವುದು. ಲಿವರ್ ಎತ್ತಿದರೆ ಒಮ್ಮೆಲೇ ಏಳದೆ ಜರ್ಕು ಹೊಡೆಯುತ್ತ ಏಳುವುದು. ಎಂಜಿನ್ ಪಕ್ಕದಿಂದ ಕೊರೆಯುವಂಥ ಸಣ್ಣ ಶಬ್ದ. ಸಂಜೆ ಬ್ಲೋವರ್ ಎತ್ತಿಟ್ಟು ಎಂಜಿನ್ ನಿಲ್ಲಿಸಿದರೆ ಬೆಳಿಗ್ಗೆಯೊಳಗೆ ಅದು ನೆಲ ಮುಟ್ಟಿರುತ್ತಿತ್ತು.

ಇಷ್ಟನ್ನೂ ಕಾಕಾ ಸರ್ವಿಸ್ ಕೇಂದ್ರದಲ್ಲಿ ಹೇಳಿದ್ದರು. ಕಾರ್ಡಿಗೆ ಇಳಿದದ್ದು ಮಾತ್ರ "ಲಿಫ್ಟ್ ಸರಿಯಿಲ್ಲ." ನನ್ನ ಪ್ರಕಾರ ಪ್ರಕರಣ ದಾರಿ ತಪ್ಪಿದ್ದು ಅಲ್ಲಿಯೇ. ಎಂಜಿನ್ ಓಡುವಾಗಿನ ತೊಂದರೆ ಬೇರೆ, ನಿಂತಾಗಿನ ತೊಂದರೆ ಬೇರೆ. ಪಂಪ್ ತಿರುಗುವುದು ಎಂಜಿನ್ ಓಡುವಾಗ ಮಾತ್ರ. ಎಂಜಿನ್ ನಿಂತ ಮೇಲೆ ಹೊರೆಯನ್ನು ಹಿಡಿದಿಡುವುದು ಸಿಲಿಂಡರಿನ ಸೀಲು, ಕಂಟ್ರೋಲ್ ವಾಲ್ವ್ ಮತ್ತು ಎಣ್ಣೆ ಹಿಂದೆ ಹರಿಯದಂತೆ ತಡೆಯುವ ಚೆಕ್ ವಾಲ್ವ್. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನಲ್ಲಿ ಬ್ಲೋವರ್ ಕೆಳಗಿಳಿದರೆ ಅದಕ್ಕೆ ಪಂಪನ್ನು ಹೊಣೆ ಮಾಡಲಾಗದು. ಎರಡು ದೋಷಗಳು ಒಂದೇ ಹೆಸರಿನಲ್ಲಿ ಅಡಗಿರಬಹುದು ಎಂಬ ಗುಮಾನಿ ನನಗೆ ಹುಟ್ಟಿದ್ದು ಫೋನಿನಲ್ಲಿ ಇದನ್ನು ಕೇಳಿದಾಗಲೇ.

ಸರ್ವಿಸ್ ಕೇಂದ್ರದವರ ಮೊದಲ ಉತ್ತರ "ಗೌಡರೇ, ನೀವು ಲೋಡ್ ಜಾಸ್ತಿ ಹಾಕುತ್ತಿದ್ದೀರಿ" ಎಂಬುದಾಗಿತ್ತು. ಇದು ಪೂರ್ತಿ ತಳ್ಳಿಹಾಕುವ ಮಾತೇನಲ್ಲ. 750 ಕಿಲೋ ಎಂಬ ಅಂಕಿ ಕೆಳಗಿನ ಲಿಂಕುಗಳ, ಅಂದರೆ ಉಪಕರಣವನ್ನು ಹಿಡಿದೆತ್ತುವ ತೋಳುಗಳ, ತುದಿಯಲ್ಲಿ ಅಳೆದದ್ದು. ಹೊರೆಯ ಭಾರಕೇಂದ್ರ ಹಿಂದಕ್ಕೆ ಸರಿದಷ್ಟೂ ಎತ್ತುವ ಶಕ್ತಿ ಇಳಿಯುತ್ತದೆ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ, ದಕ್ಷಿಣಕ್ಕೆ ಅಂಥದ್ದೇ ಒಂದು ಆಂಧ್ರದ ಅನಂತಪುರ ಬಳಿಯ ಗಾರ್ಲದಿನ್ನೆಯಲ್ಲಿದೆ. ಪರೀಕ್ಷೆಯಲ್ಲಿ ಲಿಂಕಿನ ತುದಿಯಲ್ಲಷ್ಟೇ ಅಲ್ಲದೆ 610 ಮಿಲಿಮೀಟರ್ ಹಿಂದೆಯೂ ಎತ್ತುವ ಶಕ್ತಿಯನ್ನು ಅಳೆಯುತ್ತಾರೆ. ಎರಡನೆಯ ಅಂಕಿ ಸಣ್ಣದು, ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ತುಂಬಿದ ಬ್ಲೋವರ್ ಎಂದರೆ 400 ಕಿಲೋ ನೀರು, ಅದರ ಮೇಲೆ ಚೌಕಟ್ಟು, ಪಂಪು, ಫ್ಯಾನು. ಮಿತಿಗೆ ಹತ್ತಿರ ಹೋಗುವ ಹೊರೆಯೇ ಸರಿ.

ಆದರೆ ಹೊರೆ ಕಾರಣವಾಗಿದ್ದರೆ ತೊಟ್ಟಿ ಖಾಲಿ ಮಾಡಿದಾಗ ದೋಷ ಮಾಯವಾಗಬೇಕಿತ್ತು. ಖಾಲಿ ಬ್ಲೋವರಿಗೂ, ರೋಟಾವೇಟರಿಗೂ, ಕೊನೆಗೆ ಏನನ್ನೂ ಜೋಡಿಸದ ಬರಿಯ ಲಿಂಕುಗಳಿಗೂ ಜರ್ಕು ಇದ್ದೇ ಇತ್ತು. ಒಂದು ಬಕೆಟ್ ನೀರಿನ ಖರ್ಚೂ ಇಲ್ಲದ ಈ ಪರೀಕ್ಷೆಯನ್ನು ಅದುವರೆಗೆ ಯಾರೂ ಮಾಡಿರಲಿಲ್ಲ.

ಲಿವರ್, ಗುಬುಟು, ಎಣ್ಣೆ

ಪಾನಾ (ಸ್ಪ್ಯಾನರ್) ಮುಟ್ಟುವ ಮೊದಲು ಸೀಟಿನ ಪಕ್ಕದ ಲಿವರುಗಳನ್ನು ನೋಡಿದೆ. ಹೊಸ ಟ್ರ್ಯಾಕ್ಟರಿನ ಲಿಫ್ಟ್ ದೂರುಗಳಲ್ಲಿ ಒಂದು ಪಾಲು ಅಲ್ಲಿಯೇ ಮುಗಿದುಹೋಗುತ್ತದೆ. ಲಿವರ್ ಎರಡಿರುತ್ತವೆ. ಪೊಸಿಷನ್ ಲಿವರ್ ಉಪಕರಣವನ್ನು ಇಟ್ಟ ಎತ್ತರದಲ್ಲಿ ನಿಲ್ಲಿಸುತ್ತದೆ. ಡ್ರಾಫ್ಟ್ ಲಿವರ್ ನೆಲದ ಎಳೆತಕ್ಕೆ ತಕ್ಕಂತೆ ಉಪಕರಣವನ್ನು ಏರಿಳಿಸುತ್ತದೆ. ಈ ಎರಡನೆಯದು ಹ್ಯಾರಿ ಫರ್ಗುಸನ್ 1920ರ ದಶಕದಲ್ಲಿ ರೂಪಿಸಿದ ಜಾಣತನ: ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ಟಾಪ್ ಲಿಂಕ್ (ಮೇಲಿನ ಜೋಡಣೆ ಸರಳು) ಮೇಲೆ ಬೀಳುವ ಒತ್ತಡವನ್ನೇ ಸೂಚನೆಯಾಗಿ ಬಳಸಿ ನೇಗಿಲನ್ನು ತುಸು ಮೇಲೆತ್ತುವುದು. ನೇಗಿಲಿಗೆ ಅದು ವರ. ನೆಲ ಮುಟ್ಟದ ಬ್ಲೋವರಿಗೆ ಅದನ್ನು ಹಚ್ಚಿಟ್ಟರೆ ತಗ್ಗು ದಿಣ್ಣೆಯಲ್ಲಿ ಕುಲುಕಿದಾಗೆಲ್ಲ ಲಿಫ್ಟ್ ಸುಮ್ಮನೆ ತಲೆ ತೂಗುತ್ತದೆ. ಕಾಕಾ ಡ್ರಾಫ್ಟ್ ಲಿವರನ್ನು ಸರಿಯಾಗಿಯೇ ಬಿಟ್ಟಿದ್ದರು. "ಪುಸ್ತಕ ಓದಿಯೇ ಹತ್ತಿದ್ದೇನೆ, ನಿನ್ನ ಹಾಗೆ ಅಂದಾಜಿನ ಮೇಲೆ ಅಲ್ಲ" ಎಂದರು. ಅದು ನಿಜ. ಕನ್ನಡದಲ್ಲಿ ಬಂದ ಆ ಪುಸ್ತಕದ ಹಾಳೆಗಳ ಅಂಚು ಎಣ್ಣೆಗೈಯಿಂದ ಕಪ್ಪಾಗಿತ್ತು.

ಸೀಟಿನ ಕೆಳಗೆ ಇಳಿಯುವ ವೇಗ ಹೊಂದಿಸುವ ಗುಬುಟು (ತಿರುಗಿಸುವ ಗುಂಡಿ) ಒಂದಿರುತ್ತದೆ. ಅದನ್ನು ಪೂರ್ತಿ ಬಿಗಿದರೆ ಉಪಕರಣ ಇಳಿಯುವುದೇ ಇಲ್ಲ, ಹೊಸಬರು ಕಂಗಾಲಾಗುತ್ತಾರೆ. ಇಲ್ಲಿ ಅದೂ ಸರಿ ಇತ್ತು. ಮುಂದೆ ಇದೇ ಗುಬುಟು ದೊಡ್ಡ ಉಪಕಾರ ಮಾಡಿತು.

ಆಮೇಲೆ ಎಣ್ಣೆ. ಇಂಥ ಟ್ರ್ಯಾಕ್ಟರುಗಳಲ್ಲಿ ಗೇರ್ ಬಾಕ್ಸಿಗೂ ಲಿಫ್ಟಿಗೂ ಎಣ್ಣೆಯಲ್ಲಿ ಮುಳುಗಿದ ಬ್ರೇಕಿಗೂ ಸಾಮಾನ್ಯವಾಗಿ ಒಂದೇ ಎಣ್ಣೆ. ಮಟ್ಟವನ್ನು ಸಪಾಟು ನೆಲದಲ್ಲಿ, ಲಿಂಕುಗಳನ್ನು ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ನೋಡಬೇಕು. ಮಟ್ಟ ಸರಿ ಇತ್ತು. ಬಣ್ಣ ಸರಿ ಇರಲಿಲ್ಲ: ಕೆಲಸ ಮುಗಿಸಿ ಬಂದ ಟ್ರ್ಯಾಕ್ಟರಿನ ಡಿಪ್ ಸ್ಟಿಕ್ ಮೇಲೆ ಎಣ್ಣೆ ಹಾಲು ಬೆರೆತಂತೆ ಬೆಳ್ಳಗಿತ್ತು.

ಊರಿನ ಮಿಸ್ತ್ರಿ ಅದನ್ನು ನೋಡಿ "ನೀರು ಸೇರಿದೆ, ಎಲ್ಲಾ ಚೆಲ್ಲಿ 90 ನಂಬರ್ ಗೇರ್ ಆಯಿಲ್ ಹಾಕಿಬಿಡೋಣ, ದಪ್ಪ ಎಣ್ಣೆಗೆ ಲಿಫ್ಟ್ ಗಟ್ಟಿ ನಿಲ್ಲುತ್ತದೆ" ಎಂದಿದ್ದ. ಈ ಸಲಹೆಗೆ ನಮ್ಮ ಕಡೆ ಬಹಳ ಬೆಲೆ. ಹಳೆಯ, ಸವೆದ ಟ್ರ್ಯಾಕ್ಟರಿನಲ್ಲಿ ನಾಲ್ಕು ದಿನ ಹೊರೆ ನಿಂತಂತೆಯೂ ಕಾಣಿಸುತ್ತದೆ. ಆದರೆ ಆ ಎಣ್ಣೆ ಸಣ್ಣ ಪಂಪಿಗೆ ಹೀರಲು ಭಾರ, ಎಣ್ಣೆಯೊಳಗಿನ ಬ್ರೇಕ್ ತಟ್ಟೆಗಳಿಗೆ ಹೇಳಿ ಮಾಡಿಸಿದ್ದಲ್ಲ. ಮೇಲಾಗಿ ಪುಸ್ತಕದಲ್ಲಿ ಬರೆದಿರದ ಎಣ್ಣೆ ಸುರಿದ ಕ್ಷಣದಿಂದ ವಾರಂಟಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಡಬ್ಬಿ ಆಗಲೇ ಮನೆಗೆ ಬಂದಿತ್ತು. ಕಾಕೂ ಅದನ್ನು ಮುಚ್ಚಿಟ್ಟಿದ್ದರಿಂದ ಆ ದಿನ ಅದು ಯಾರ ಕೈಗೂ ಸಿಗಲಿಲ್ಲ.

ನೀರೋ ಗಾಳಿಯೋ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಗಾಜಿನ ಉಪ್ಪಿನಕಾಯಿ ಜಾಡಿಯಲ್ಲಿ ಬಿಸಿ ಎಣ್ಣೆಯನ್ನು ಹಿಡಿದು ಕಟ್ಟೆಯ ಮೇಲಿಟ್ಟೆವು. ನೀರು ಬೆರೆತದ್ದಾದರೆ ಬಿಳುಪು ಗಂಟೆಗಟ್ಟಲೆ ಹಾಗೆಯೇ ಉಳಿಯುತ್ತದೆ. ಗಾಳಿಯಾದರೆ ಗುಳ್ಳೆಗಳು ಮೇಲೇರುತ್ತ ಎಣ್ಣೆ ತಳದಿಂದ ತಿಳಿಯಾಗುತ್ತ ಬರುತ್ತದೆ. ಚಹಾ ಮುಗಿಯುವುದರೊಳಗೆ ಜಾಡಿಯ ತಳ ಹೊಂಬಣ್ಣಕ್ಕೆ ತಿರುಗಿತು, ನೊರೆ ಮೇಲೆ ಕಟ್ಟಿತು. ಇನ್ನೊಂದು ಖಾತ್ರಿಗೆ ಕಾದ ತವೆಯ ಮೇಲೆ ಒಂದು ಹನಿ ಬಿಟ್ಟೆವು. ನೀರಿದ್ದರೆ ಚಟಪಟ ಎನ್ನಬೇಕಿತ್ತು, ಸುಮ್ಮನೆ ಹೊಗೆಯಾಡಿತು. ಎಣ್ಣೆಯೊಳಗೆ ಇದ್ದದ್ದು ಗಾಳಿ.

ಹೈಡ್ರಾಲಿಕ್ಕಿನಲ್ಲಿ ಗಾಳಿ ಯಾಕೆ ಇಷ್ಟು ಕೆಟ್ಟದ್ದು? ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ಹೊರಬಿಡುವ ರಿಲೀಫ್ ವಾಲ್ವ್ ಈ ಟ್ರ್ಯಾಕ್ಟರಿನಲ್ಲಿ ತೆರೆಯುವ ಒತ್ತಡ 160 ಬಾರ್ ಎಂದು ಪುಸ್ತಕದಲ್ಲಿತ್ತು. ಪಿಸ್ಟನ್ನಿನ ವ್ಯಾಸ 65 ಮಿಲಿಮೀಟರ್ ಎಂದುಕೊಂಡರೂ ಅದರ ಮುಖ 33 ಚದರ ಸೆಂಟಿಮೀಟರ್. ಅಂದರೆ ಪಿಸ್ಟನ್ನಿನ ಮೇಲೆ ಸುಮಾರು 5,400 ಕಿಲೋ ಬಲ. ಲಿಂಕಿನ ತುದಿ ಪಿಸ್ಟನ್ನಿಗಿಂತ ಹಲವು ಪಟ್ಟು ಹೆಚ್ಚು ದೂರ ಚಲಿಸುವುದರಿಂದ ಆ ಬಲ ಅಲ್ಲಿಗೆ ತಲುಪುವಾಗ ಮುಕ್ಕಾಲು ಟನ್ನಿಗೆ ಇಳಿಯುತ್ತದೆ. ಈ ಲೆಕ್ಕವೆಲ್ಲ ನಿಂತಿರುವುದು ಎಣ್ಣೆ ಕುಗ್ಗುವುದಿಲ್ಲ ಎಂಬ ನಂಬಿಕೆಯ ಮೇಲೆ. ಗಾಳಿ ಕುಗ್ಗುತ್ತದೆ, ಹಿಗ್ಗುತ್ತದೆ. ಜರ್ಕು ಅದರ ಫಲ. ಪಂಪಿನೊಳಗೆ ಗುಳ್ಳೆಗಳು ಒತ್ತಡಕ್ಕೆ ಸಿಕ್ಕಿ ಕುಸಿಯುವಾಗಿನ ಸದ್ದೇ ಆ ಕೊರೆಯುವ ಶಬ್ದ, ಬಹುಕಾಲ ಹಾಗೆ ಬಿಟ್ಟರೆ ಪಂಪಿನ ಹಲ್ಲುಗಳೂ ತಿಂದುಹೋಗುತ್ತವೆ.

ಸೋರದ ಸೋರಿಕೆ

ಶಬ್ದದ ಬಗ್ಗೆ ಒಂದು ಮಾತು. ರಿಲೀಫ್ ವಾಲ್ವ್ ಕೂಡ ಕಿರುಚುತ್ತದೆ. ಆದರೆ ಅದು ಕಿರುಚುವುದು ಹೊರೆ ಮಿತಿ ಮೀರಿದಾಗ, ಇಲ್ಲವೇ ಲಿವರ್ ತುತ್ತತುದಿಯಲ್ಲಿದ್ದಾಗ. ಇಲ್ಲಿ ಲಿವರನ್ನು ಪೂರ್ತಿ ಇಳಿಸಿದಾಗಲೂ, ಎಣ್ಣೆ ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ಸುತ್ತಿ ತೊಟ್ಟಿಗೆ ಮರಳುವಾಗಲೂ ಶಬ್ದವಿತ್ತು. ಎಂಜಿನ್ ವೇಗಕ್ಕೆ ತಕ್ಕಂತೆ ಏರುತ್ತಿತ್ತು. ಒತ್ತುವ ಬದಿಯಲ್ಲಿ ಒತ್ತಡವೇ ಇಲ್ಲದಾಗ ಪಂಪ್ ಅತ್ತರೆ, ನೋವು ಹೀರುವ ಬದಿಯಲ್ಲಿದೆ ಎಂದೇ ಅರ್ಥ.

ಹೀರುವ ಬದಿಯಲ್ಲಿ ಎರಡು ಸಾಧ್ಯತೆ: ಜಾಲರಿ ಫಿಲ್ಟರ್ ಕಟ್ಟಿಕೊಂಡಿರುವುದು, ಇಲ್ಲವೇ ಸಕ್ಷನ್ (ಎಣ್ಣೆ ಹೀರುವ) ಪೈಪಿನ ಯಾವುದೋ ಕೀಲಿನಿಂದ ಗಾಳಿ ನುಗ್ಗುವುದು. ಫಿಲ್ಟರ್ ಕಟ್ಟಿದ್ದರೆ ತಂಪು ಹೊತ್ತಿನಲ್ಲಿ, ಎಣ್ಣೆ ದಪ್ಪವಿದ್ದಾಗ ತೊಂದರೆ ಹೆಚ್ಚು. ಕಾದ ಮೇಲೆ ಕಡಿಮೆಯಾಗಬೇಕು. ಇಲ್ಲಿ ಉಲ್ಟಾ. ತಂಪಿನಲ್ಲಿ ಚೆನ್ನಾಗಿತ್ತು, ಓಡಿದಷ್ಟೂ ನೊರೆ ಸೇರಿ ಕೆಡುತ್ತಿತ್ತು. ಗಾಳಿಯತ್ತ ವಾಲಿದೆ. ಆದರೂ ಫಿಲ್ಟರ್ ನೋಡದೆ ಬಿಡುವಂತಿಲ್ಲ.

ಫಿಲ್ಟರಿನ ಮುಚ್ಚಳದ ಬೋಲ್ಟುಗಳ ಮೇಲೆ ಕಾರ್ಖಾನೆಯ ಬಣ್ಣ ಒಂದಿಷ್ಟೂ ಒಡೆದಿರಲಿಲ್ಲ. 50 ಗಂಟೆಯ ಮೊದಲ ಸರ್ವಿಸ್ ಆಗಿತ್ತು, ಜಾಬ್ ಕಾರ್ಡಿನಲ್ಲಿ "ಹೈಡ್ರಾಲಿಕ್ ಫಿಲ್ಟರ್ ಸ್ವಚ್ಛಗೊಳಿಸಿದೆ" ಎಂಬುದರ ಎದುರು ಗುರುತೂ ಇತ್ತು. ಬೋಲ್ಟಿಗೆ ಪಾನಾ ತಾಗದೆ ಆ ಫಿಲ್ಟರ್ ಹೇಗೆ ಸ್ವಚ್ಛವಾಯಿತೋ! ಕಾಕಾ ಮೊಬೈಲಿನಲ್ಲಿ ಬೋಲ್ಟುಗಳ ಫೋಟೊ ತೆಗೆದರು, ಜಾಬ್ ಕಾರ್ಡಿನದನ್ನೂ ತೆಗೆದರು. ಮುಂದಿನ ಮಾತುಕತೆಯಲ್ಲಿ ನನ್ನ ವಿವರಣೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಎರಡು ಫೋಟೊಗಳೇ. ವಾರಂಟಿ ಇರುವ ಯಂತ್ರವಾದ್ದರಿಂದ ನಾವೇ ಬಿಚ್ಚುವ ಹಾಗಿರಲಿಲ್ಲ. ಬಿಚ್ಚದೆಯೇ ಏನನ್ನು ತೋರಿಸಿಕೊಡಬಹುದೋ ಅಷ್ಟನ್ನು ಮಾಡಿದೆವು.

ಪಂಪ್ ಇರುವುದು ಎಂಜಿನ್ ಪಕ್ಕ, ಎಣ್ಣೆ ಇರುವುದು ಹಿಂದಿನ ಗೇರ್ ಬಾಕ್ಸಿನಲ್ಲಿ. ಎರಡರ ನಡುವೆ ಉದ್ದನೆಯ ಸಕ್ಷನ್ ಪೈಪ್. ಅದರ ಒಂದು ಕೀಲು ಪಂಪಿಗೆ, ಇನ್ನೊಂದು ಗೇರ್ ಬಾಕ್ಸ್ ಕಡೆಗೆ. ಪಂಪ್ ಓಡುವಾಗ ಈ ಪೈಪಿನೊಳಗಿನ ಒತ್ತಡ ಹೊರಗಿನ ವಾತಾವರಣಕ್ಕಿಂತ ಕಡಿಮೆ. ತೂತಾದ ಕೊಳವೆಯಲ್ಲಿ ಎಳನೀರು ಕುಡಿದಂತೆ, ಸಣ್ಣ ಸಂದು ಸಿಕ್ಕರೂ ಗಾಳಿಯೇ ಮೊದಲು ಬರುತ್ತದೆ. ಕೀಲು ಎಣ್ಣೆಯ ಮಟ್ಟಕ್ಕಿಂತ ಮೇಲಿದ್ದರೆ ಎಂಜಿನ್ ನಿಂತಾಗಲೂ ಒಂದು ಹನಿ ಹೊರಗೆ ಬರುವುದಿಲ್ಲ. ಸೋರಿಕೆ ಹುಡುಕುವ ಎಲ್ಲರೂ ನೆಲದ ಮೇಲಿನ ಎಣ್ಣೆಯ ಕಲೆ ಹುಡುಕುತ್ತಾರೆ. ಈ ಟ್ರ್ಯಾಕ್ಟರಿನ ಕೆಳಗೆ ನೆಲ ಒಣಗಿತ್ತು.

ಎಂಜಿನ್ ಚಾಲೂ ಇಟ್ಟು, ಶಬ್ದ ಶುರುವಾಗುವ ತನಕ ಕಾದು, ಪಂಪಿನ ಕಡೆಯ ಕೀಲಿಗೆ ಸುತ್ತಲೂ ಗ್ರೀಸ್ ಮೆತ್ತಿದೆವು. ಏನೂ ಆಗಲಿಲ್ಲ. ಗೇರ್ ಬಾಕ್ಸ್ ಕಡೆಯ ಕೀಲಿಗೆ ಮೆತ್ತಿದೆವು. ಕೆಲವೇ ಕ್ಷಣಗಳಲ್ಲಿ ಕೊರೆತ ನಿಂತು ಎಂಜಿನ್ನಿನ ಸದ್ದು ಮಾತ್ರ ಉಳಿಯಿತು. ಒಂದು ಕಡೆ ಗ್ರೀಸ್ ಒಳಕ್ಕೆ ಎಳೆದು ಸಣ್ಣ ಕುಳಿ ಬಿದ್ದಿತ್ತು. ಪಂಪ್ ಬದಲಿಸುವಾಗ ಪಂಪಿನ ಕಡೆಯ ಕೀಲಿನ ಒ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಹೊಸದಾಗಿ ಬಂದಿತ್ತು. ಈ ಕಡೆಯದನ್ನು ಯಾರೂ ಮುಟ್ಟಿರಲಿಲ್ಲ. ಹೊಸ ಪಂಪಿನಿಂದ ದೋಷ ಹೋಗದಿರಲು ಕಾರಣ ಇಷ್ಟೇ. ಹಳೆಯ ಪಂಪಿನಲ್ಲಿ ಬಹುಶಃ ಏನೂ ಕೆಟ್ಟಿರಲೇ ಇಲ್ಲ.

ಇಂಥ ಪರೀಕ್ಷೆ ಮಾಡುವವರಿಗೆ ಎಚ್ಚರ: ಫ್ಯಾನು, ಬೆಲ್ಟು, ಪಿಟಿಒ ಶಾಫ್ಟ್ (ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ದಂಡ) ತಿರುಗುವ ಜಾಗದಿಂದ ಕೈ, ಪಂಚೆಯ ಚುಂಗು ದೂರವಿರಲಿ. ಗ್ರೀಸ್ ಮೆತ್ತುವುದು ಹೀರುವ ಬದಿಗೆ ಮಾತ್ರ. ಒತ್ತಡದ ಬದಿಯ ಪೈಪನ್ನು ಕೈಯಿಂದ ಸವರಿ ಸೋರಿಕೆ ಹುಡುಕಬಾರದು, ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಮೊನೆಯ ತೂತಿನಿಂದ ಹೊರಡುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ಆದರೆ ತಡಮಾಡಿದರೆ ಬೆರಳನ್ನೇ ತೆಗೆಯಬೇಕಾಗುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು.

ರಾತ್ರಿ ಇಳಿಯುವ ಬ್ಲೋವರ್

ಉಳಿದದ್ದು ಎರಡನೆಯ ದೋಷ. ಖಾಲಿ ಬ್ಲೋವರನ್ನು ಎತ್ತಿ, ಎಂಜಿನ್ ನಿಲ್ಲಿಸಿ, ಲಿಂಕಿನ ತುದಿಯ ಎತ್ತರವನ್ನು ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದೆವು. ಅರ್ಧ ಗಂಟೆಯಲ್ಲಿ ಗೇಣಿನಷ್ಟು ಇಳಿದಿತ್ತು. ಮಿಸ್ತ್ರಿಯ ತೀರ್ಪು ಸಿಲಿಂಡರಿನ ಸೀಲು ಹೋಗಿದೆ ಎಂದು. ಅದು ನಿಜವಾದರೆ ಸೀಟು ತೆಗೆದು, ಲಿಫ್ಟಿನ ಮೇಲ್ಕವಚವನ್ನೇ ಎತ್ತಬೇಕು. ಹೊಸ ಟ್ರ್ಯಾಕ್ಟರಿನ ಹೊಟ್ಟೆ ಸೀಳಿದ ಹಾಗೆಯೇ.

ಇಲ್ಲಿ ಆ ಗುಬುಟು ನೆರವಿಗೆ ಬಂತು. ಈ ಟ್ರ್ಯಾಕ್ಟರಿನಲ್ಲಿ ಅದು ಕಂಟ್ರೋಲ್ ವಾಲ್ವಿಗೂ ಸಿಲಿಂಡರಿಗೂ ನಡುವೆ ಕೂತಿದೆ. ಪೂರ್ತಿ ಮುಚ್ಚಿದರೆ ಸಿಲಿಂಡರ್ ಒಂಟಿಯಾಗುತ್ತದೆ. ಮುಚ್ಚಿದ ಮೇಲೂ ಬ್ಲೋವರ್ ಇಳಿದರೆ ತಪ್ಪು ಸಿಲಿಂಡರಿನ ಸೀಲಿನದು, ಇಳಿಯದಿದ್ದರೆ ವಾಲ್ವಿನದು. ಮುಚ್ಚಿದೆವು. ಊಟ ಮುಗಿಸಿ ಬಂದು ನೋಡಿದಾಗ ಲಿಂಕು ಸೀಮೆಸುಣ್ಣದ ಗೆರೆಯ ಮೇಲೆಯೇ ಇತ್ತು. ಮೇಲ್ಕವಚ ಎತ್ತುವ ಮಾತು ಅಲ್ಲಿಗೆ ಮುಗಿಯಿತು.

ಎಂಜಿನ್ ಓಡುವಾಗಿನ ತಲೆ ತೂಗಾಟಕ್ಕೂ ಇದರ ಪಾಲಿತ್ತು. ವಾಲ್ವಿನಿಂದ ಎಣ್ಣೆ ಜಾರಿದಷ್ಟೂ ಲಿಂಕು ಇಳಿಯುತ್ತದೆ, ಪೊಸಿಷನ್ ಕಂಟ್ರೋಲ್ ಅದನ್ನು ಗಮನಿಸಿ ಮತ್ತೆ ಎತ್ತುತ್ತದೆ. ಎತ್ತಲು ಬರುವ ಎಣ್ಣೆಯಲ್ಲಿ ಗಾಳಿ ಇದ್ದುದರಿಂದ ಆ ಎತ್ತುವಿಕೆ ಜರ್ಕಾಗಿ ಕಾಣುತ್ತಿತ್ತು. ಒಂದು ದೋಷ ಇನ್ನೊಂದನ್ನು ದೊಡ್ಡದು ಮಾಡಿ ತೋರಿಸುತ್ತಿತ್ತು.

ಸರ್ವಿಸ್ ಕೇಂದ್ರದವರ ಎದುರು

ಊರಿನ ಕೆಲವರು ನೇರ ಗ್ರಾಹಕರ ಆಯೋಗಕ್ಕೆ ಹೋಗಲು ಹೇಳಿದರು. ಹೋಗುವ ದಾರಿ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಯಂತ್ರ ಕೊಂಡವರೂ ಗ್ರಾಹಕರೇ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಅವಕಾಶವಿದೆ. 1915 ಸಂಖ್ಯೆಯ ಸಹಾಯವಾಣಿ ಇದೆ. ಆದರೆ ಯಂತ್ರದೊಳಗಿನ ದೋಷವನ್ನು ಅಲ್ಲಿ ಬರಿ ಬಾಯಿಮಾತಿನಿಂದ ಸಾಧಿಸಲಾಗದು, ಪರಿಣತರ ಪರೀಕ್ಷೆ ಕೇಳುತ್ತಾರೆ. ಚಿಗುರು ಕಾಯುತ್ತಿರುವಾಗ ಅಷ್ಟು ತಾಳ್ಮೆ ಯಾರಿಗಿದೆ? ಕಾಕಾ ಅದನ್ನು ಕೊನೆಗೆ ಇಟ್ಟುಕೊಂಡರು, ಅದು ಸರಿ ಎಂದೇ ನನಗೂ ಅನ್ನಿಸಿತು.

ಬದಲಿಗೆ ಒಂದು ಪುಟದ ಪತ್ರ ಬರೆದೆವು. ಅದರಲ್ಲಿ ಅಭಿಪ್ರಾಯ ಇರಲಿಲ್ಲ, ಕಂಡದ್ದು ಮಾತ್ರ: ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರಿನ ಅಂಕಿ, ಹೊರೆ ಇಲ್ಲದೆಯೂ ಜರ್ಕು, ಲಿವರ್ ಇಳಿಸಿದಾಗಲೂ ಶಬ್ದ, ಜಾಡಿಯ ಎಣ್ಣೆ, ಗ್ರೀಸ್ ಮೆತ್ತಿದ ಕೀಲು, ಗುಬುಟು ಮುಚ್ಚಿದಾಗ ನಿಂತ ಇಳಿತ, ಫೋಟೊಗಳು. ಜಾಬ್ ಕಾರ್ಡಿನಲ್ಲಿ ಈ ಸಲ ದೂರನ್ನು ಎರಡಾಗಿ ಬರೆಯಿಸಿದೆವು. ಪತ್ರ ನೋಡಿದ ಸರ್ವಿಸ್ ಉಸ್ತುವಾರಿ ಲೋಡಿನ ಮಾತು ಎತ್ತಲಿಲ್ಲ. ಬೋಲ್ಟಿನ ಫೋಟೊ ನೋಡಿ ಫಿಟ್ಟರನ್ನು ಒಳಗೆ ಕರೆದ. ಅಲ್ಲಿ ಏನು ಮಾತಾಯಿತೋ, ಹೊರಬಂದ ಫಿಟ್ಟರ್ ಮರುದಿನವೇ ತೋಟಕ್ಕೆ ಬರಲು ಒಪ್ಪಿದ.

ತೋಟದಲ್ಲಿ ಬಿಚ್ಚಿದಾಗ ಗೇರ್ ಬಾಕ್ಸ್ ಕಡೆಯ ಒ-ರಿಂಗ್ ಒಂದು ಬದಿಗೆ ಹಿಸುಕಿ ಹರಿದಿತ್ತು. ಜೋಡಿಸುವಾಗ ತನ್ನ ತೋಡಿನಲ್ಲಿ ಕೂರದೆ ಅಂಚಿಗೆ ಸಿಕ್ಕಿದ್ದು ಕಣ್ಣಿಗೆ ಕಾಣುವಂತಿತ್ತು. ಜಾಲರಿ ಫಿಲ್ಟರಿನಲ್ಲಿ ಕಪ್ಪು ಸಿಲಿಕಾನ್ ಅಂಟಿನ ಎಳೆಗಳು, ಕೆಲವು ಲೋಹದ ಚೂರು. ಹೊಸ ಯಂತ್ರದಲ್ಲಿ ಕವಚಗಳನ್ನು ಕೂಡಿಸುವಾಗ ಹಚ್ಚಿದ ಅಂಟು ಒಳಗೆ ಉಕ್ಕಿ, ಒಣಗಿ, ಎಣ್ಣೆಯಲ್ಲಿ ಬಿಡುವುದು ಅಪರೂಪವಲ್ಲ. ಮೊದಲ ಸರ್ವಿಸಿನಲ್ಲಿ ಫಿಲ್ಟರ್ ತೆಗೆದು ತೊಳೆಯಬೇಕು ಎನ್ನುವುದು ಇದಕ್ಕಾಗಿಯೇ. ಚೆಕ್ ವಾಲ್ವಿನ ಕೂರುವ ಜಾಗದಲ್ಲಿ ಅದೇ ಅಂಟಿನ ಸಾಸಿವೆಗಾತ್ರದ ತುಣುಕು ಸಿಕ್ಕಿತು. ಹಾನಿಯೇನೂ ಆಗಿರಲಿಲ್ಲ, ತೊಳೆದು ಮತ್ತೆ ಕೂರಿಸಿದರು.

ಟ್ರಾಲಿಗೆ ಎಣ್ಣೆ ಕೊಡುವ ಕಿಂಡಿಗೆ ಒತ್ತಡ ಅಳೆಯುವ ಗೇಜ್ ಹಚ್ಚಿ ನೋಡಿದಾಗ ಎಣ್ಣೆ ತಣ್ಣಗಿದ್ದಾಗಲೂ ಕಾದಾಗಲೂ ಮುಳ್ಳು 160ರ ಆಸುಪಾಸಿನಲ್ಲಿ ಅಲ್ಲಾಡದೆ ನಿಂತಿತು. ಗೇಜನ್ನು ಮೊದಲ ದಿನವೇ ಹಚ್ಚಿದ್ದರೆ, ಕಾದ ಮೇಲೆ ನಡುಗುವ ಮುಳ್ಳು ಅರ್ಧ ಕಥೆಯನ್ನು ಆಗಲೇ ಹೇಳುತ್ತಿತ್ತು. ಹೊಸ ಪಂಪಿನ ಬೆಲೆಯ ಮುಂದೆ ಆ ಗೇಜಿನ ಬೆಲೆ ಲೆಕ್ಕಕ್ಕೇ ಇಲ್ಲ, ಆದರೂ ಆ ಫಿಟ್ಟರ್ ಅದನ್ನು ಬೇರೊಂದು ಶಾಖೆಯಿಂದ ಎರವಲು ತರಬೇಕಾಯಿತು.

ಕೂಲಿ, ಒ-ರಿಂಗು, ಫಿಲ್ಟರ್ ವಾರಂಟಿಯಲ್ಲಿ ಹೋಯಿತು. ಜಗಳವಾದದ್ದು ಎಣ್ಣೆಗೆ. ಎಣ್ಣೆ ಖರ್ಚಾಗುವ ವಸ್ತು, ವಾರಂಟಿಗೆ ಬರುವುದಿಲ್ಲ ಎಂದು ಅವರು. ತೊಳೆಯದ ಫಿಲ್ಟರಿನಿಂದ ಎಣ್ಣೆ ಹಾಳಾಗಿದೆ, ನಾನೇಕೆ ಕೊಡಲಿ ಎಂದು ಕಾಕಾ. ಕೊನೆಗೆ ಅರ್ಧ ಅರ್ಧಕ್ಕೆ ಒಪ್ಪಿದರು. ತಮ್ಮ ಪಾಲಿನ ರಸೀದಿಯ ಮೇಲೆ ಎಣ್ಣೆಯ ದರ್ಜೆ, ಲೀಟರು, ಅವರ್ ಮೀಟರಿನ ಅಂಕಿ ಮೂರನ್ನೂ ಬರೆಯಿಸಿಕೊಂಡ ಮೇಲೆಯೇ ಕಾಕಾ ದುಡ್ಡು ಎಣಿಸಿದ್ದು.